ಮರಿ ಕುಂದ್ರಬೇಕಾದರೆ ಸೊಂಟ ಒತ್ತಬೇಡಿ

ಮನೆಗೆ ನಾಯಿಮರಿ ಬಂದ ಹೊಸದರಲ್ಲಿ ಎಲ್ಲರಿಗೂ ಸಂಭ್ರಮ. ವಾರ ಕಳೆದ ಮೇಲೆ ಅದರ ಜವಾಬ್ದಾರಿ ಬಂದು ಬೀಳುವುದು ಮಾತ್ರ ಗೃಹಿಣಿಯ ತಲೆಯ ಮೇಲೆ! ನಮ್ಮಲ್ಲೂ ಹಾಗೇ ಆಯಿತು. ಯಜಮಾನರು ಮುಧೋಳದ ಕಡೆಯಿಂದ ಎರಡು ತಿಂಗಳ ಮರಿಯೊಂದನ್ನು ತಂದರು. ಕಡ್ಡಿಯಂಥ ಕಾಲು, ನೀಳ ಮೂತಿ.

ನಾನು "ಕುಂದ್ರ" ಎನ್ನುತ್ತ ಅದರ ಸೊಂಟ ಒತ್ತಿ ಕೂರಿಸುತ್ತಿದ್ದೆ. ಕೇಳದಿದ್ದರೆ ಪೇಪರಿನ ಸುರುಳಿಯಿಂದ ಏಟು. ಹದಿನೈದು ದಿನದಲ್ಲಿ ಅದು ಕಲಿತದ್ದು ಒಂದೇ, ನನ್ನ ಕೈ ಕಂಡರೆ ಮಂಚದ ಕೆಳಗೆ ಓಡುವುದು. ಒಂದು ಮುಂಜಾನೆ ಗೇಟು ತೆರೆದಿತ್ತು. ಮರಿ ರಸ್ತೆಗೆ ಹಾರಿತು. ನಾನು ಸಿಟ್ಟಿನಿಂದ ಕೂಗಿದಷ್ಟೂ ಅದು ದೂರ ದೂರ ಓಡಿತು. ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದ್ದರಿಂದ ಜೀವ ಉಳಿಯಿತು. ಎದೆ ಹೊಡೆದುಕೊಳ್ಳುತ್ತ ಒಳಗೆ ಬಂದ ನನಗೆ ಅತ್ತೆಯವರು ಅಂದರು: "ಕೂಸಿಗೆ ನಡಿಯೂದು ಕಲಿಸಾಕ ಯಾರರ ಬಡಗಿ ಹಿಡಿತಾರೇನವಾ?"

ಆ ಮಾತು ನಾಟಿತು. ಮುಧೋಳ ನಾಯಿ ನಮ್ಮ ಸೀಮೆಯ ಹೆಮ್ಮೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಅದರ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಆದರೆ ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣ. ಇಂಥ ಮರಿಗೆ "ಬಾ", "ಕುಂದ್ರ" ಎಂಬ ಮಾತು ಬರೀ ಶಿಸ್ತಲ್ಲ, ಪ್ರಾಣರಕ್ಷಣೆ. ಹೆದರಿದ ಮರಿ ಆ ಮಾತು ಕೇಳುವುದಿಲ್ಲ. ನಂಬಿದ ಮರಿ ಕೇಳುತ್ತದೆ.

ಮೂರು ಭಂಗಿಗಳು

ಕುಂದ್ರ: ಕಡಲೆಕಾಳಿನಷ್ಟು ಬೇಯಿಸಿದ ತತ್ತಿಯನ್ನೋ ರೊಟ್ಟಿಯ ಚೂರನ್ನೋ ಮರಿಯ ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ನೆತ್ತಿಯ ಕಡೆ ಸರಿಸಿ. ಮೂತಿ ಮೇಲೆದ್ದಂತೆ ಹಿಂಭಾಗ ತಾನೇ ನೆಲಕ್ಕಿಳಿಯುತ್ತದೆ. ಇಳಿದ ಕೂಡಲೇ "ಶಾಣ್ಯಾ!" ಎಂದು ಕೊಟ್ಟುಬಿಡಿ. ಕೈ ಬಹಳ ಎತ್ತರ ಹಿಡಿದರೆ ಮರಿ ಜಿಗಿಯುತ್ತದೆ.

ಮಕ್ಕೋ: ಕುಳಿತ ಮರಿಯ ಮೂಗಿನಿಂದ ಚೂರನ್ನು ಮುಂಗಾಲುಗಳ ನಡುವೆ ನೆಲದವರೆಗೆ ಇಳಿಸಿ. ಈ ತಳಿಗೆ ಮೈಮೇಲೆ ಮಾಂಸ ಕಡಿಮೆ, ಬರಿ ಫರಸಿ ಒತ್ತುತ್ತದೆ. ಹಳೆಯ ಕೌದಿ ಹಾಸಿರಿ.

ನಿಂದ್ರ: ಚೂರನ್ನು ಮೂಗಿನ ಮಟ್ಟದಲ್ಲೇ ಮುಂದಕ್ಕೆ ತನ್ನಿ, ಎದ್ದು ನಿಲ್ಲುತ್ತದೆ.

ಒಂದು ಸಲಕ್ಕೆ ಎರಡು-ಮೂರು ನಿಮಿಷ ಸಾಕು. ಊಟಕ್ಕೆ ಮೊದಲು, ದಿನಕ್ಕೆ ಮೂರು ಸಲ ಮಾಡಿರಿ. ಗೋಳಗುಮ್ಮಟದಲ್ಲಿ ಒಂದು ಮಾತು ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ಮರಿಗೆ ಮಾತ್ರ ಒಂದೇ ಸಲ ಹೇಳಿ ಕಾಯಿರಿ. ಮನೆಯವರೆಲ್ಲ ಒಂದೇ ಶಬ್ದ ಬಳಸಬೇಕು. ಮಗ "ಸಿಟ್" ಎಂದು, ನಾವು "ಕುಂದ್ರ" ಎಂದರೆ ಪಾಪ ಅದು ಯಾರ ಮಾತು ಕೇಳಬೇಕು?

ಕಾಲಿನ ಹಿಡಿತ

ಎಳೆಮರಿಗೆ ತನ್ನ ಹಿಂಗಾಲು ಎಲ್ಲಿದೆ ಎಂಬ ಅರಿವು ಕಡಿಮೆ. ನೆಲದ ಮೇಲೆ ಮೂರು-ನಾಲ್ಕು ಕೋಲುಗಳನ್ನು ಸ್ವಲ್ಪ ಅಂತರದಲ್ಲಿ ಮಲಗಿಸಿ, ಚೂರು ತೋರಿಸುತ್ತ ಮೆಲ್ಲಗೆ ದಾಟಿಸಿ. ಗೋಣಿಚೀಲ, ಜಮಖಾನೆ, ಮರಳಿನ ಮೇಲೂ ನಡೆಸಿರಿ. ಕಟ್ಟೆಯಿಂದ ಜಿಗಿಸಬೇಡಿ, ಬೆಳೆಯುವ ಎಲುಬಿಗೆ ಪೆಟ್ಟು.

ಧೈರ್ಯ

ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿ ಕಂಡದ್ದನ್ನೆಲ್ಲ ಬೇಗ ಒಪ್ಪಿಕೊಳ್ಳುವ ಕಾಲ. ಕುಕ್ಕರಿನ ಸೀಟಿ, ಮಿಕ್ಸರಿನ ಸದ್ದು ಮೊದಲು ದೂರದಿಂದ ಕೇಳಲಿ, ಜೊತೆಗೇ ತಿನಿಸು ಸಿಗಲಿ. ಹೆದರಿದರೆ ಎಳೆದೊಯ್ಯಬೇಡಿ, ಎರಡು ಹೆಜ್ಜೆ ಹಿಂದೆ ಸರಿಯಿರಿ. ತಾನಾಗಿ ಮುಂದೆ ಬಂದರೆ ಹೊಗಳಿರಿ. ಲಸಿಕೆಗಳು ಪೂರ್ತಿಯಾಗುವತನಕ ಬೀದಿಯಲ್ಲಿ ಇಳಿಸದೆ ಎತ್ತಿಕೊಂಡೇ ಆಟೋ, ದನ, ಜನ ತೋರಿಸಿರಿ. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಮರೆಯಬೇಡಿ.

ಒಂದು ಎಚ್ಚರ

ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿಗೆ ಬರವಿಲ್ಲ. ಕೈಗೆ ಸಿಕ್ಕಿತೆಂದು ಒಣದ್ರಾಕ್ಷಿಯನ್ನು ತಿನಿಸಾಗಿ ಕೊಡಲೇಬೇಡಿ. ನಾಯಿಗಳಿಗೆ ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ಮೂತ್ರಪಿಂಡವನ್ನೇ ಕೆಡಿಸಬಹುದು. ಉಳ್ಳಾಗಡ್ಡಿ, ಚಾಕೊಲೇಟೂ ವಿಷವೇ. ತಿಂದದ್ದು ಗೊತ್ತಾದರೆ ವಾಂತಿಯಾಗಲಿ ಎಂದು ಕಾಯದೆ ಪಶುವೈದ್ಯರ ಬಳಿ ಓಡಿ.

"ಬಾ" ಎಂದು ಕರೆದು ಎಂದೂ ಬಡಿಯಬೇಡಿ. ತಪ್ಪು ಮಾಡಿ ಬಂದರೂ ಬಂದದ್ದಕ್ಕೆ ಶಾಭಾಸ್ ಅನ್ನಿ. ನಾನು ಕಳೆದುಕೊಂಡ ನಂಬಿಕೆಯನ್ನು ತಿರುಗಿ ಗಳಿಸಲು ಎರಡು ತಿಂಗಳು ಹಿಡಿಯಿತು. ಮೊನ್ನೆ ಮತ್ತೆ ಗೇಟು ತೆರೆದಿತ್ತು, ಹೊರಗೊಂದು ಬೆಕ್ಕು ಓಡಿತು. "ಕುಂದ್ರ" ಅಂದೆ. ಮೈಯೆಲ್ಲ ನಡುಗುತ್ತಿದ್ದರೂ ಹೊಸ್ತಿಲಲ್ಲೇ ಕುಂತು ನನ್ನ ಮುಖ ನೋಡಿತು. ಅತ್ತೆಯವರು ಒಳಗಿನಿಂದ ರೊಟ್ಟಿ ಚೂರು ತಂದು ತಾವೇ ಕೊಟ್ಟರು.