ಕೈ ನಿಲ್ಲುವ ಬಗೆ: ಕಿರುಮೆದುಳಿನ ತಡೆಯುವ ನರಕೋಶಗಳು

ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಬಲಗೈಯಿಂದ ಪತ್ರೆಯನ್ನು ಏರಿಸುವಾಗ, ಆ ಕೈ ಲಿಂಗದ ಮೇಲೆಯೇ ಬಂದು ನಿಲ್ಲುವುದು ಹೇಗೆಂದು ನಾವು ಬಹುಕಾಲ ಆಲೋಚಿಸಿರಲಿಲ್ಲ. ಮಠಕ್ಕೆ ಬರುವ ಹಿರಿಯ ಭಕ್ತರೊಬ್ಬರ ಕೈ ಕೆಲವು ವರ್ಷಗಳ ಹಿಂದೆ ಲಿಂಗದ ಸಮೀಪಕ್ಕೆ ಬಂದೊಡನೆ ಅತ್ತಿತ್ತ ತೂಗಾಡಿ, ಪತ್ರೆಯು ಪಕ್ಕಕ್ಕೆ ಬೀಳತೊಡಗಿತು. ನಡಿಗೆ ಓಲಾಡುತ್ತಿತ್ತು, ಮಾತು ತೊದಲುತ್ತಿತ್ತು. ಕುಡಿತದ ಚಟವೆಂದು ಕೆಲವರು ಪಿಸುಗುಟ್ಟಿದರು. ನಾವೂ ಹಾಗೆಯೇ ಭಾವಿಸಿದೆವು. ಅವರು ಮದ್ಯವನ್ನು ಮುಟ್ಟಿದವರೇ ಅಲ್ಲ. ಅವರಿಗಿದ್ದುದು ಕಿರುಮೆದುಳಿನ ಸವೆತ. ನಮ್ಮ ಆ ತಪ್ಪೇ ಈ ಲೇಖನವನ್ನು ಬರೆಯಿಸುತ್ತಿದೆ.

ಕಿರುಮೆದುಳು ತಲೆಯ ಹಿಂಭಾಗದ ಕೆಳಗಡೆ ಇದೆ. ತೂಕದಲ್ಲಿ ಇಡೀ ಮೆದುಳಿನ ಹತ್ತನೆಯ ಒಂದು ಪಾಲು ಮಾತ್ರ. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲಿಯೇ ಇವೆ. ಬಹುಪಾಲು ಅತಿ ಸಣ್ಣ ಕಣಕೋಶಗಳು. ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂಬ ಸುದ್ದಿಯನ್ನು ಅವು ಪುರ್ಕಿಂಜೆ ಕೋಶಗಳಿಗೆ ಮುಟ್ಟಿಸುತ್ತವೆ. ಚೆಕ್ ವಿಜ್ಞಾನಿ ಪುರ್ಕಿಂಜೆ 1837ರಲ್ಲಿ ವರ್ಣಿಸಿದ ಈ ಕೋಶ ಕೊಂಬೆರೆಂಬೆಗಳ ಮರದಂತಿದ್ದು, ಒಂದೊಂದಕ್ಕೂ ಲಕ್ಷಕ್ಕೂ ಮಿಕ್ಕ ಕಣಕೋಶಗಳ ಸಂಪರ್ಕವಿದೆ. ಕಿರುಮೆದುಳಿನ ಹೊರಪದರದಿಂದ ಹೊರಡುವ ಸಂದೇಶವೆಲ್ಲ ಇವುಗಳ ಮೂಲಕವೇ ಹೋಗಬೇಕು. ಜಪಾನಿನ ಮಾಸಾವೊ ಇಟೊ ಮತ್ತು ಯೋಶಿದಾ 1964ರಲ್ಲಿ ತೋರಿಸಿದ ಸಂಗತಿ ವಿಸ್ಮಯಕರವಾದುದು: ಈ ಕೋಶಗಳಿಗೆ ಗೊತ್ತಿರುವುದು ‘ಬೇಡ’ ಎಂಬ ಒಂದೇ ಮಾತು. ಗಾಬಾ ಎಂಬ ರಾಸಾಯನಿಕವನ್ನು ಸ್ರವಿಸಿ ಅವು ಮುಂದಿನ ಕೋಶವನ್ನು ತಡೆಯುತ್ತವೆ.

ಬರೀ ತಡೆಯಿಂದ ಕೆಲಸವಾಗುವುದು ಹೇಗೆ? ಕೆರೆಯ ಊರಿನವರಿಗೆ ಇದು ಸುಲಭವಾಗಿ ತಿಳಿದೀತು. ನೀರು ಸದಾ ಒತ್ತಿ ನಿಂತಿರುತ್ತದೆ. ನೀರಗಂಟಿಯ ಜಾಣ್ಮೆಯೆಲ್ಲ ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದರಲ್ಲಿದೆ. ಕಿರುಮೆದುಳಿನ ಆಳದ ನರಕೇಂದ್ರಗಳು ಆ ನೀರಿನಂತೆ ಸದಾ ಸಿದ್ಧ. ದೇಹ ಸುಮ್ಮನಿದ್ದಾಗಲೂ ಪುರ್ಕಿಂಜೆ ಕೋಶಗಳು ಸೆಕೆಂಡಿಗೆ ಹತ್ತಾರು ಬಾರಿ ಮಿಡಿಯುತ್ತ ಅವನ್ನು ಹಿಡಿದಿರುತ್ತವೆ. ಇವು ಕ್ಷಣಕಾಲ ಮೌನವಾದರೆ ತೂಬು ಎದ್ದಂತೆ. ಆ ಮೌನವನ್ನು ತರುವವೂ ತಡೆಗಾರರೇ: ಬುಟ್ಟಿಕೋಶ ಮತ್ತು ತಾರಾಕೋಶಗಳು. ಇನ್ನು ಗಾಲ್ಗಿ ಕೋಶಗಳು ಮೊದಲೇ, ಕಣಕೋಶಗಳ ಬಾಗಿಲಿನಲ್ಲಿಯೇ ನಿಂತು, ಒಳಬರುವ ಸುದ್ದಿಯ ಗದ್ದಲವನ್ನು ತಗ್ಗಿಸುತ್ತವೆ. ಇದನ್ನು ಶರಣರ ಇಂದ್ರಿಯನಿಗ್ರಹಕ್ಕೆ ಹೋಲಿಸುವ ಆಸೆ ಯಾರಿಗಾದರೂ ಬಂದೀತು. ನಮಗದು ಒಪ್ಪಿಗೆಯಿಲ್ಲ, ಶರಣರ ನಿಗ್ರಹ ಅರಿವಿನದು, ಇದು ನಮ್ಮ ಅರಿವಿಗೇ ಬಾರದೆ ನಡೆಯುವಂಥದು.

ತಡೆ ಕೆಟ್ಟರೆ ಕೈಕಾಲುಗಳು ಬಿದ್ದುಹೋಗುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿದ ಬ್ರಿಟಿಷ್ ವೈದ್ಯ ಗಾರ್ಡನ್ ಹೋಮ್ಸ್ 1917ರಲ್ಲಿ ಇದನ್ನು ವಿವರವಾಗಿ ಬರೆದರು. ಅವರ ಕೈಗೆ ಚಲನೆಯಿತ್ತು, ಅಳತೆ ತಪ್ಪಿತ್ತು. ಗುರಿಯನ್ನು ದಾಟಿ ಹೋಗುವುದು, ಹಿಂದಕ್ಕೆ ತರುವಾಗ ಮತ್ತೆ ತಪ್ಪುವುದು; ನಾವು ಕಂಡ ತೂಗಾಟ ಅದೇ.

ಹಾಗಾದರೆ ಕುಡಿದವನೂ ಏಕೆ ಹಾಗೆಯೇ ಓಲಾಡುತ್ತಾನೆ? ಮದ್ಯವು ಗಾಲ್ಗಿ ಕೋಶಗಳ ತಡೆಯನ್ನು ಹೆಚ್ಚಿಸುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಸವೆತದ ರೋಗದಲ್ಲಿ ಪುರ್ಕಿಂಜೆ ಕೋಶಗಳೇ ಅಳಿದು ತಡೆ ಕಡಿಮೆಯಾಗುತ್ತದೆ. ತೂಬು ಕಟ್ಟಿದರೂ ಮುರಿದರೂ ಗದ್ದೆಗೆ ಹಾನಿಯೇ. ನೋಡುವವರ ಕಣ್ಣಿಗೆ ಎರಡೂ ಒಂದೇ. ಆದುದರಿಂದ ಮನೆಯ ಹಿರಿಯರು ಓಲಾಡತೊಡಗಿದರೆ ಗದರುವ ಮೊದಲು ನರರೋಗತಜ್ಞರಿಗೆ ತೋರಿಸಬೇಕು. ಓಲಾಟ ಹಠಾತ್ತನೆ ಬಂದು, ತಲೆನೋವು ವಾಂತಿಗಳೂ ಇದ್ದರೆ ಅದು ಕಿರುಮೆದುಳಿನ ಪಾರ್ಶ್ವವಾಯುವಿರಬಹುದು. ಒಂದು ಗಳಿಗೆಯೂ ತಡಮಾಡಬಾರದು.

ಆ ಭಕ್ತರ ಕ್ಷಮೆಯನ್ನು ನಾವು ಕೇಳಿದೆವು. ಈಗ ಪೂಜೆಯ ವೇಳೆಗೆ ಅವರ ಮೊಮ್ಮಗಳು ಪಕ್ಕದಲ್ಲಿ ಕುಳಿತು ಅಜ್ಜನ ಬಲ ಮೊಣಕೈಗೆ ತನ್ನ ಕೈಯನ್ನು ಆನಿಸಿರುತ್ತಾಳೆ.