ಎದೆಹಾಲು ಬತ್ತುವುದೇಕೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿಯ ರಾಶಿಯೂ ಕಬ್ಬಿನ ಕಟಾವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆ ದಿನಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವ ಬಾಣಂತಿಯರ ದೂರು ಬಹುತೇಕ ಒಂದೇ: ಕೂಸಿಗೆ ಹಾಲು ಸಾಲುತ್ತಿಲ್ಲ. ಶತಾವರಿಯನ್ನು ನಾವು ಕೊಡುತ್ತೇವೆ. ಆದರೆ ಅದಕ್ಕೆ ಮೊದಲು, ಹೆರಿಗೆಯಾದ ಎಷ್ಟನೆಯ ದಿನಕ್ಕೆ ಕೂಲಿಗೆ ಹೋದಿರೆಂದು ಕೇಳುತ್ತೇವೆ. ರೋಗದ ಮೂಲ ಬಹಳ ಸಲ ಆ ಉತ್ತರದಲ್ಲಿರುತ್ತದೆ.

ಸ್ತನ್ಯನಾಶಕ್ಕೆ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ದುಃಖ, ಕೋಪ, ಉಪವಾಸ, ಆಯಾಸ. ಬಾಣಂತಿಯ ಪಥ್ಯಪಾಲನೆಗೆ ಒಂದೂವರೆ ತಿಂಗಳ ಅವಧಿಯನ್ನೂ ವಿಧಿಸಿದ್ದಾರೆ. ಕೂಸು ಎಷ್ಟು ಸಲ ಕುಡಿಯುವುದೋ ಅಷ್ಟು ಹಾಲು ಊರುತ್ತದೆ. ತಾಯಿ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ, ಕೂಸು ಮನೆಯಲ್ಲಿ ಎಂದಾದರೆ, ಯಾವ ಲೇಹ್ಯವೂ ಆ ಅಗಲಿಕೆಯನ್ನು ತುಂಬಲಾರದು.

ಆದುದರಿಂದ ಬಾಣಂತಿಗೆ ಬಿಡುವು ಕೊಡುವ ಕಾನೂನೂ ಒಂದು ಔಷಧವೇ. 1961ರ ಹೆರಿಗೆ ಸೌಲಭ್ಯ ಕಾಯ್ದೆಯು 2017ರಲ್ಲಿ ತಿದ್ದುಪಡಿಯಾಗಿ, ಮೊದಲೆರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಬಂದಿತು. ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಇದು ಸರಿಹೊಂದುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2000ದಲ್ಲಿ ಕನಿಷ್ಠ 14 ವಾರಗಳ ರಜೆಯನ್ನೂ, ಕೆಲಸದ ನಡುವೆ ಹಾಲೂಡಿಸುವ ಬಿಡುವನ್ನೂ ಗೊತ್ತುಪಡಿಸಿತು. ಸ್ವೀಡನ್ ದೇಶವು 1974ರಲ್ಲಿಯೇ ಈ ರಜೆಯನ್ನು ತಂದೆಗೂ ವಿಸ್ತರಿಸಿ, ಕೂಸಿನ ಹೊಣೆ ಇಬ್ಬರದೆಂದು ಒಪ್ಪಿತು.

ಆದರೆ ನಮ್ಮ ಕಾಯ್ದೆಯ ರಜೆ ದೊರೆಯುವುದು ಹಾಜರಿ ಪುಸ್ತಕವಿರುವ ನೌಕರಿಗೆ. ತೊಗರಿ ಕೊಯ್ಯುವ ತಾಯಿಯ ಹೆಸರು ಯಾವ ಪುಸ್ತಕದಲ್ಲಿದೆ? ಅವಳಿಗೆ ರಜೆಯೆಂದರೆ ಕೂಲಿ ತಪ್ಪುವುದು. ಕೂಲಿ ತಪ್ಪಿದರೆ ಉಪವಾಸ. ಆಯಾಸವನ್ನು ತಪ್ಪಿಸಹೋದರೆ ಉಪವಾಸ, ಉಪವಾಸವನ್ನು ತಪ್ಪಿಸಹೋದರೆ ಆಯಾಸ. ಕಾರಣ ಯಾವುದಾದರೂ ಹಾಲು ಬತ್ತುವುದು ಒಂದೇ.

ಇವಳಿಗಾಗಿ ಇರುವ ಏರ್ಪಾಡುಗಳನ್ನಾದರೂ ಪೂರ್ಣವಾಗಿ ಬಳಸಿಕೊಳ್ಳಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟವಿದೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5,000 ರೂಪಾಯಿ ದೊರೆಯುತ್ತದೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷದ ಮೇಲಿನ ಮಕ್ಕಳಿಗೆ. ಅದಕ್ಕೂ ಚಿಕ್ಕವರಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆಗಳನ್ನು ಘೋಷಿಸಿತು. ಕೂಸಿನ ಮನೆಯಿಲ್ಲದ ಊರಿನಲ್ಲಿ ತಮ್ಮನ ಹೊಣೆ ಎಂಟು ಹತ್ತು ವರ್ಷದ ಅಕ್ಕನ ಸೊಂಟಕ್ಕೆ ಬೀಳುತ್ತದೆ. ಅವಳ ಶಾಲೆ ಅಲ್ಲಿಗೆ ನಿಲ್ಲುತ್ತದೆ. ಒಂದು ಕೊರತೆಯಿಂದ ಕೆಡುವುದು ಇಬ್ಬರು ಮಕ್ಕಳ ಬಾಳು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮನೆಯಲ್ಲಿ ಬಾಣಂತಿಯಿದ್ದರೆ ಒಂದೂವರೆ ತಿಂಗಳು ನೀರಿನ ಕೊಡ, ಕಟ್ಟಿಗೆಯ ಹೊರೆ ಗಂಡಸರ ಹೆಗಲಿಗಿರಲಿ. ಆರು ತಿಂಗಳೊಳಗಿನ ಕೂಸಿಗೆ ಸಕ್ಕರೆ ನೀರು, ಡಬ್ಬಿಯ ಪುಡಿಗಳ ರೂಢಿ ಬೇಡ. ಹಾಲು ಸಾಲದೆನಿಸಿದರೆ ವೈದ್ಯರನ್ನು ಕಾಣಿರಿ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಕೂಸಿನ ಮನೆಯನ್ನೂ ಕೇಳಿರಿ. ಹೊಲದ ಒಡೆಯರಾದವರು ಬದುವಿನ ಮರದಡಿ ತೊಟ್ಟಿಲು ಕಟ್ಟಲು ನೆರಳಿನ ಜಾಗ ಕೊಟ್ಟು, ಹಾಲೂಡಿಸುವ ಹೊತ್ತಿಗೆ ಕೂಲಿ ಕಡಿಯದಿರಲಿ. ಕಾಯಕವನ್ನು ಗೌರವಿಸುವ ಸಮಾಜವು ಕಾಯಕ ಮಾಡುವ ತಾಯಿಗೆ ಕೊಡಬೇಕಾದ ಕನಿಷ್ಠ ಬಿಡುವು ಅದು.