ಗಣಕಯಂತ್ರದ ಬಿಡುವು ಮತ್ತು ರೋಗಸಂಶೋಧನೆ

ಅನ್ನದಾನ, ವಿದ್ಯಾದಾನಗಳನ್ನು ನಮ್ಮ ಜನ ಮೊದಲಿನಿಂದ ಬಲ್ಲರು. ರಕ್ತದಾನ, ನೇತ್ರದಾನಗಳನ್ನು ಈಚೆಗೆ ಅರಿತರು. ಮನೆಯ ಗಣಕಯಂತ್ರದ ಬಿಡುವಿನ ವೇಳೆಯನ್ನು ವೈದ್ಯಸಂಶೋಧನೆಗೆ ಕೊಡುವುದೆಂಬ ಇನ್ನೊಂದು ಬಗೆ ಕಳೆದ ಕಾಲು ಶತಮಾನದಿಂದ ಲೋಕದಲ್ಲಿ ನಡೆದುಬಂದಿದೆ. ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡುಗಳ ಮನೆಗಳಲ್ಲಿಯೂ ಮಕ್ಕಳ ವ್ಯಾಸಂಗಕ್ಕೆಂದು ತಂದ ಗಣಕಯಂತ್ರಗಳು ಈಗ ಉಂಟು. ಅವು ದಿನದ ಬಹುಪಾಲು ಸುಮ್ಮನಿರುತ್ತವೆ. ಆದುದರಿಂದ ಈ ದಾನ ಎಂತಹುದು, ಅದರ ಫಲವೇನು, ಕೊಡುವವನಿಗೆ ತಗಲುವ ವೆಚ್ಚವೆಷ್ಟು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಒಳ್ಳೆಯದು.

ಸಂಶೋಧಕರಿಗೆ ಇಷ್ಟೊಂದು ಲೆಕ್ಕಾಚಾರವೇಕೆ? ನಮ್ಮ ಶರೀರದ ಕಾರ್ಯಗಳಲ್ಲಿ ಹೆಚ್ಚಿನವನ್ನು ನಡೆಸುವುವು ಪ್ರೋಟೀನುಗಳು. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಸರವು ಮಡಿಸಿ, ಸುತ್ತಿ, ತನಗೆ ವಿಹಿತವಾದ ಆಕಾರವನ್ನು ತಾಳಿದಾಗಲೇ ಸಾಮಾನ್ಯವಾಗಿ ಅದು ಕಾರ್ಯಸಮರ್ಥವಾಗುತ್ತದೆ. ಮಡಿಕೆ ತಪ್ಪಿದರೆ ಕೇಡು. ಆಲ್ಜೈಮರ್ ಎಂಬ ಮರೆವಿನ ವ್ಯಾಧಿಯಲ್ಲಿ ಮಡಿಕೆಗೆಟ್ಟ ಪ್ರೋಟೀನುಗಳು ಮಿದುಳಿನಲ್ಲಿ ಗುಂಪುಗಟ್ಟಿ ಕೂಡಿರುವುದು ಕಂಡುಬರುತ್ತದೆ. ರೋಗಾಣುವಿನ ಪ್ರೋಟೀನಿನ ಆಕಾರ ತಿಳಿದರೆ ಅದರ ಸಂದಿಗೆ ಸರಿಯಾಗಿ ಕೂಡುವ ಔಷಧವನ್ನು ಅರಸಬಹುದು.

ಈ ವಿದ್ಯೆಗೂ ಕರ್ನಾಟಕಕ್ಕೂ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿದ್ದಾಗ, 1954ರಲ್ಲಿ, ಚರ್ಮಕ್ಕೂ ಎಲುಬಿಗೂ ಬಲಕೊಡುವ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಸುರುಳಿಯೆಂದು ಪ್ರತಿಪಾದಿಸಿದರು. ಅರಸೀಕೆರೆಯ ಸೀಮೆಯಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ಕಂಡವರಿಗೆ ಈ ರೂಪವನ್ನು ಹೆಚ್ಚು ವರ್ಣಿಸಬೇಕಾಗಿಲ್ಲ. ಪ್ರೋಟೀನಿನ ಸರವು ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವುಗಳಲ್ಲಿ ತಿರುಗಲಾರದು ಎಂಬ ನಕ್ಷೆಯನ್ನು ಅವರು 1963ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಅದು ಇಂದಿಗೂ ರಾಮಚಂದ್ರನ್ ನಕ್ಷೆಯೆಂದೇ ಜಗತ್ತಿನಲ್ಲಿ ಪ್ರಸಿದ್ಧ. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ವಿಭಾಗವನ್ನು ಕಟ್ಟಿದರು. ನಕ್ಷೆಯು ಅಸಾಧ್ಯವಾದುದನ್ನು ತಳ್ಳಿಹಾಕಿತು. ಉಳಿದ ಸಾಧ್ಯತೆಗಳೇ ಅಪಾರ. ನೂರಾರು ಮಣಿಗಳ ಸರ ಕ್ಷಣಕ್ಷಣಕ್ಕೂ ಹೇಗೆ ಚಲಿಸುವುದೆಂದು ಎಣಿಸಲು ಒಂದು ಯಂತ್ರಕ್ಕೆ ವರ್ಷಗಳೂ ಸಾಲವು.

ಹಾಗಾದರೆ ಎಣಿಕೆಯನ್ನು ಹಂಚಬೇಕು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯವನ್ನು ಒಬ್ಬ ಶಿಲ್ಪಿ ಕಡೆದುದಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ತಮ್ಮ ಪಾಲಿನ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಸಂಶೋಧನಾಲಯವೂ ಹೀಗೆಯೇ ಲೆಕ್ಕವನ್ನು ಸಾವಿರಾರು ಪಾಲುಗಳಾಗಿ ಒಡೆದು ಅಂತರಜಾಲದ ಮೂಲಕ ಮನೆಮನೆಗೆ ಕಳುಹಿಸುತ್ತದೆ. ಗಣಕಯಂತ್ರ ಬಿಡುವಾಗಿರುವಾಗ ತನ್ನ ಪಾಲನ್ನು ಮುಗಿಸಿ ಉತ್ತರವನ್ನು ಹಿಂದಿರುಗಿಸುತ್ತದೆ. ಯಾರು ಎಷ್ಟು ಪಾಲು ಮುಗಿಸಿದರೆಂಬುದು ಅವರವರ ಹೆಸರಿನಲ್ಲಿ ದಾಖಲಾಗುತ್ತದೆ. ಎಷ್ಟೋ ಯೋಜನೆಗಳಲ್ಲಿ ಒಂದೇ ಪಾಲನ್ನು ಇಬ್ಬರಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುವುದುಂಟು. ಹೋಲಿಕೆ ಇಲ್ಲಿಗೆ ನಿಲ್ಲಬೇಕು: ಚಾವಣನ ಕೈಯಲ್ಲಿದ್ದುದು ಕಲೆ, ನಮ್ಮ ಯಂತ್ರದಲ್ಲಿರುವುದು ಬರಿಯ ದುಡಿಮೆ.

ಸಾರ್ವಜನಿಕರ ಯಂತ್ರಗಳನ್ನು ಹೀಗೆ ಬಳಸಿದ ಯೋಜನೆಗಳಲ್ಲಿ ಮೊದಲು ಬಹು ಪ್ರಸಿದ್ಧವಾದುದು ವೈದ್ಯಕ್ಕೆ ಸೇರಿದುದಲ್ಲ. 1999ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ‘ಸೇಟಿ ಅಟ್ ಹೋಂ’ ಅನ್ಯಲೋಕದ ಜೀವಿಗಳ ಸಂಕೇತವನ್ನು ಹುಡುಕುತ್ತಿತ್ತು. 2020ರಲ್ಲಿ ಅದು ಪಾಲು ಹಂಚುವುದನ್ನು ನಿಲ್ಲಿಸಿತು. 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜಯ್ ಪಾಂಡೆಯವರು ಆರಂಭಿಸಿದ ‘ಫೋಲ್ಡಿಂಗ್ ಅಟ್ ಹೋಂ’ ಪ್ರೋಟೀನಿನ ಮಡಿಕೆಯನ್ನೇ ವಿಷಯವಾಗಿಸಿಕೊಂಡಿತು. ಐಬಿಎಂ ಸಂಸ್ಥೆ 2004ರಲ್ಲಿ ತೆರೆದ ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ 2021ರಲ್ಲಿ ಕೆನಡಾದ ಟೊರಾಂಟೋ ನಗರದ ಕ್ರೆಂಬಿಲ್ ಸಂಶೋಧನಾಲಯದ ಆಡಳಿತಕ್ಕೆ ಬಂದಿತು. ಅದರಲ್ಲಿ 2016ರಲ್ಲಿ ಆರಂಭವಾದ ಒಂದು ಯೋಜನೆಯು ಕ್ಷಯದ ಬ್ಯಾಕ್ಟೀರಿಯಾದ ಹೊರಕವಚವನ್ನು ಅಭ್ಯಸಿಸಿತು. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರೇ ಆಗಿರುವುದರಿಂದ ಇದು ನಮಗೆ ದೂರದ ಮಾತಲ್ಲ.

ಈ ಹಂಚಿಕೆಯ ಬಲ ಪ್ರಕಟವಾದುದು 2020ರ ಕೊರೋನಾ ಕಾಲದಲ್ಲಿ. ಮನೆಗಳಲ್ಲಿ ಬಂಧಿಗಳಾದ ಜನ ಲಕ್ಷಲಕ್ಷವಾಗಿ ಫೋಲ್ಡಿಂಗ್ ಅಟ್ ಹೋಂ ಸೇರಿದರು. ಆ ಮಾರ್ಚಿನಲ್ಲಿ ಅವರೆಲ್ಲರ ಯಂತ್ರಗಳು ಕೂಡಿ ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, ಒಂದರ ಮುಂದೆ 18 ಸೊನ್ನೆಗಳಷ್ಟು ಲೆಕ್ಕಗಳನ್ನು ಮೀರಿ ಮಾಡಿದುವು. ನಮ್ಮ ಪ್ರಾಚೀನ ಗಣಿತಜ್ಞರು ಏಕ, ದಶ, ಶತ ಎಂದು ಎಣಿಸುತ್ತ ಕೊನೆಗೆ ಪರಾರ್ಧದಲ್ಲಿ ನಿಂತರು. ಇದು ಹತ್ತು ಪರಾರ್ಧ! ಅಂದು ಯಾವುದೇ ಒಂದು ಮಹಾಗಣಕಕ್ಕೂ ಈ ವೇಗವಿರಲಿಲ್ಲ. ವೈರಾಣುವಿನ ಮುಳ್ಳಿನಂತಹ ಪ್ರೋಟೀನು ಹೇಗೆ ತೆರೆದುಕೊಳ್ಳುವುದು, ಔಷಧ ಕೂಡಬಹುದಾದ ಗುಪ್ತ ಸಂದಿಗಳು ಎಲ್ಲಿರಬಹುದು ಎಂಬುದನ್ನು ಈ ಎಣಿಕೆ ತೋರಿಸಿತು. ಸಂದಿ ಕಂಡೊಡನೆ ಔಷಧ ಸಿದ್ಧವಾಯಿತೆಂದು ಯಾರೂ ಭಾವಿಸಬಾರದು. ಅದರ ಹಿಂದೆ ಪ್ರಯೋಗಾಲಯದ ವರ್ಷಗಳ ಪರೀಕ್ಷೆಯಿದೆ.

ಕೃತಕ ಬುದ್ಧಿಮತ್ತೆಯೇ ಪ್ರೋಟೀನಿನ ಆಕಾರವನ್ನು ಊಹಿಸುತ್ತಿರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಆ ಊಹೆಗೂ ಪ್ರೋಟೀನ್ ರಚನೆಗೂ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಅದನ್ನು ಪಡೆದವರಲ್ಲೊಬ್ಬರಾದ ಡೇವಿಡ್ ಬೇಕರ್ ಅವರ ಬಳಗವೂ 2005ರಿಂದ ‘ರೊಸೆಟ್ಟಾ ಅಟ್ ಹೋಂ’ ಮೂಲಕ ಜನರ ಯಂತ್ರಗಳ ನೆರವನ್ನು ಪಡೆದುದೇ. ಊಹೆ ತೋರುವುದು ಪ್ರಾಯಃ ನಿಂತ ಆಕಾರವನ್ನು. ಪ್ರೋಟೀನಿನ ಚಲನೆಯನ್ನು ಅರಿಯಲು ದೀರ್ಘವಾದ ಎಣಿಕೆ ಇನ್ನೂ ಬೇಕು.

ಇನ್ನು ವೆಚ್ಚದ ಮಾತು. ತನ್ನದನ್ನು ತೊರೆದು ಪರರದಾಗಿಸುವುದು ದಾನವೆಂದು ಶಾಸ್ತ್ರ ಹೇಳುತ್ತದೆ. ಇಲ್ಲಿ ಯಂತ್ರ ನಮ್ಮ ಮನೆಯಲ್ಲಿಯೇ ಉಳಿಯುತ್ತದೆ; ವಾಸ್ತವವಾಗಿ ನಾವು ಕೊಡುವುದು ವಿದ್ಯುತ್ತನ್ನು. ಬಿಡುವು ಬಿಟ್ಟಿಯಲ್ಲ. ದುಡಿಮೆಯಿಂದ 100 ವಾಟ್ ಹೆಚ್ಚು ಖರ್ಚಾದರೆ 10 ಗಂಟೆಗೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್. ಮಕ್ಕಳು ಮನೆಯ ಹಿರಿಯರನ್ನು ಕೇಳದೆ ಇದನ್ನು ಆರಂಭಿಸಬಾರದು. ಕಚೇರಿಯ ಯಂತ್ರವಾದರೆ ಮೇಲಧಿಕಾರಿಗಳ ಅಪ್ಪಣೆ ಅವಶ್ಯ. ನಮ್ಮೂರುಗಳಲ್ಲಿ ಕರೆಂಟು ನಡುವೆ ಹೋಗುವುದುಂಟು. ಮಾಡಿದ ಲೆಕ್ಕವನ್ನು ಯಂತ್ರ ಆಗಾಗ ಉಳಿಸಿಕೊಳ್ಳುವುದರಿಂದ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಗಡುವು ಮೀರಿದರೆ ಆ ಪಾಲು ಬೇರೊಬ್ಬರಿಗೆ ಹೋಗುತ್ತದೆ, ಅಷ್ಟೆ. ಬೇಸಗೆಯಲ್ಲಿ ಯಂತ್ರ ಬಿಸಿಯಾಗುವುದರಿಂದ ಅರ್ಧ ಶಕ್ತಿಯನ್ನಷ್ಟೇ ಬಳಸುವಂತೆ ಮಿತಿ ಹಾಕಬಹುದು. ತಂತ್ರಾಂಶವನ್ನು ಆಯಾ ಯೋಜನೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು, ಅದಕ್ಕೆ ಶುಲ್ಕವಿಲ್ಲ.